ಎರಿ ಸೀಮೆಯ ಹವಳ

ನಮ್ಮೂರು ಅಬ್ಬಿಗೇರಿ. ಗದಗ ಜಿಲ್ಲೆ, ರೋಣ ತಾಲೂಕು. ಗದಗಿನಿಂದ ಗಜೇಂದ್ರಗಡದ ಕಡೆ ಹೊರಟರೆ ನರೇಗಲ್ಲಿನ ಹತ್ತಿರ ಸಿಗುತ್ತದೆ. ಅನ್ನಪೂರ್ಣೇಶ್ವರಿ ಗುಡಿ ಇರುವ ಊರು ಅಂದರೆ ಕೆಲವರಿಗಾದರೂ ಗುರುತು ಹತ್ತುತ್ತದೆ. ಸುತ್ತ ಕಣ್ಣು ಹಾಯಿಸಿದಷ್ಟೂ ಎರಿ ಹೊಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಜೋಳ, ಕಡಲೆ, ಕುಸುಬೆ. ಸಮುದ್ರ ನೋಡಬೇಕಾದರೆ ಹುಬ್ಬಳ್ಳಿ ದಾಟಿ ಘಟ್ಟ ಇಳಿಯಬೇಕು. ಊರಿನ ಹಿರಿಯರಲ್ಲಿ ಸಮುದ್ರ ನೋಡದೆಯೇ ತೀರಿಕೊಂಡವರು ಎಷ್ಟು ಜನವೋ.

ಇಂಥ ಊರಿನವನು ಹವಳದ ದಿಬ್ಬಗಳ ಬಗ್ಗೆ ಬರೆಯಲು ಕೂತಿದ್ದಾನೆ ಅಂದರೆ ನಿಮಗೆ ನಗು ಬರಬಹುದು. ಕಾರಣ ಇದೆ. ನಮ್ಮ ಕಡೆ ಹೆಂಗಸರ ಕೊರಳಲ್ಲಿ ತಾಳಿಯ ಜೊತೆ ಹವಳ ಇರುತ್ತದೆ. ನಮ್ಮ ಅಮ್ಮನ (ಅಜ್ಜಿಗೆ ನಾವು ಅಮ್ಮ ಅಂತೀವಿ, ತಾಯಿಗೆ ಅವ್ವ) ಕೊರಳಲ್ಲೂ ಎರಡು ಇದ್ದವು. ತೊಗರಿಕಾಳಿಗಿಂತ ಸ್ವಲ್ಪ ದೊಡ್ಡವು, ಸವೆದು ಸವೆದು ನುಣ್ಣಗಾಗಿದ್ದವು. ಒಮ್ಮೆ ಕೇಳಿದ್ದೆ.

"ಅಮ್ಮ, ಈ ಹವಳ ಎಲ್ಲಿಂದ ಬಂತs?"

"ಗದಗಿನ ಸರಾಫರ ಅಂಗಡ್ಯಾಗಿಂದ. ಮತ್ತೆಲ್ಲಿಂದ ಬರತೈತಿ?"

"ಅವರಿಗೆ ಎಲ್ಲಿಂದ ಬಂತು?"

"ಸಮುದ್ರದಾಗ ಬೆಳೀತೈತಂತ. ಗಿಡನೋ ಕಲ್ಲೋ ಯಾರಿಗ್ಗೊತ್ತು. ಹೋಗು, ದನಕ್ಕ ನೀರ ಕುಡಸು ಹೋಗು."

ಗಿಡವೋ ಕಲ್ಲೋ ಅನ್ನುವ ಅಮ್ಮನ ಪ್ರಶ್ನೆ ಇದೆಯಲ್ಲ, ಅದು ಯುರೋಪಿನ ಪಂಡಿತರನ್ನೂ ನೂರಾರು ವರ್ಷ ಕಾಡಿದ್ದು. ಗಿಡವೇ ಅಂತ ಹೆಚ್ಚಿನವರು ತೀರ್ಮಾನಿಸಿಬಿಟ್ಟಿದ್ದರು. 1706ರಲ್ಲಿ ಮಾರ್ಸಿಲಿ ಎಂಬಾತ ಹವಳದ ಕೊಂಬೆಯನ್ನು ನೀರಲ್ಲಿಟ್ಟು ನೋಡಿ, ಇಗೋ ಹೂವು ಬಿಟ್ಟಿದೆ ಅಂದ. 1720ರ ದಶಕದಲ್ಲಿ ಮಾರ್ಸೇಲ್ಸ್ ಊರಿನ ಪೇಸೊನೆಲ್ ಎಂಬ ವೈದ್ಯ ಅದು ಹೂವಲ್ಲ, ಹುಳು, ಮುಟ್ಟಿದರೆ ಮುದುಡಿಕೊಳ್ಳುತ್ತದೆ ಅಂತ ಬರೆದು ಕಳಿಸಿದ. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ದೊಡ್ಡವರು ನಂಬಲಿಲ್ಲ. ಇಂಥ ತಮಾಷೆಯ ಮಾತಿಗೆ ಅವನ ಹೆಸರು ಹಾಕಿ ಅವನ ಮಾನ ಯಾಕೆ ಕಳೆಯಬೇಕು ಅಂತ ಹೆಸರನ್ನೇ ಬಿಟ್ಟು ಓದಿದರಂತೆ! ಪೇಸೊನೆಲ್ ಹೇಳಿದ್ದೇ ಸರಿ ಅಂತ ಒಪ್ಪಿಕೊಳ್ಳಲು ಮತ್ತೆ ಇಪ್ಪತ್ತು ವರ್ಷದ ಮೇಲೇ ಹಿಡಿಯಿತು.

ಇಲ್ಲೊಂದು ಮಾತು ಬಿಡಿಸಿ ಹೇಳಿಬಿಡುತ್ತೇನೆ, ಇಲ್ಲವಾದರೆ ಮುಂದೆ ಗೊಂದಲ. ಕೊರಳಿಗೆ ಹಾಕುವ ಕೆಂಪು ಹವಳ ಬೇರೆ, ದ್ವೀಪ ಕಟ್ಟುವ ಹವಳ ಬೇರೆ. ಎರಡೂ ಹುಳುಗಳ ಸಂಸಾರವೇ, ಎರಡೂ ಸುಣ್ಣದ ಗೂಡು ಕಟ್ಟುವವೇ. ಆದರೆ ಕೆಂಪು ಹವಳ ಮೆಡಿಟರೇನಿಯನ್ ಸಮುದ್ರದ ತಂಪು ನೀರಿನಲ್ಲಿ, ಬೆಳಕು ಕಡಿಮೆ ಇರುವ ಆಳದ ಬಂಡೆಗಳ ಸಂದಿನಲ್ಲಿ ಬೆಳೆಯುತ್ತದೆ. ಬಹಳ ನಿಧಾನ. ಕೊಂಬೆಯ ದಪ್ಪ ವರ್ಷಕ್ಕೆ ಒಂದು ಮಿಲಿಮೀಟರು ಕೂಡ ಏರುವುದಿಲ್ಲ. ದ್ವೀಪ ಕಟ್ಟುವ ಹವಳಕ್ಕೆ ಬೆಚ್ಚಗಿನ, ತಿಳಿಯಾದ, ಬಿಸಿಲು ಬೀಳುವ ನೀರು ಬೇಕು. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಬಾಡಿಗೆಗೆ ಇರುತ್ತದೆ. ಪಾಚಿ ಬಿಸಿಲಿನಲ್ಲಿ ಅಡುಗೆ ಮಾಡಿ ಹವಳಕ್ಕೆ ಉಣಿಸುತ್ತದೆ. ಬಾಡಿಗೆ ಅಂದರೆ ಅದೇ.

ಮೊದಲು ಕೆಂಪು ಹವಳದ ಕಥೆ. ಕ್ರಿಸ್ತಶಕ ಮೊದಲನೇ ಶತಮಾನದಲ್ಲಿ ರೋಮಿನ ಪ್ಲಿನಿ ಎಂಬ ಲೇಖಕ ಪ್ರಕೃತಿಯ ಬಗ್ಗೆ ಒಂದು ಭಾರೀ ಗ್ರಂಥ ಬರೆದ. ಅದರಲ್ಲಿ ಹವಳದ ಮಾತು ಬರುತ್ತದೆ. ರೋಮಿನವರಿಗೆ ಇಂಡಿಯಾದ ಮುತ್ತು ಹೇಗೋ ಇಂಡಿಯಾದವರಿಗೆ ಹವಳ ಹಾಗೆ ಅನ್ನುತ್ತಾನೆ. ಗಾಲ್ ಜನ ಹಿಂದೆಲ್ಲ ತಮ್ಮ ಕತ್ತಿ, ಗುರಾಣಿಗಳಿಗೆ ಹವಳ ಕೂರಿಸಿಕೊಳ್ಳುತ್ತಿದ್ದರು, ಈಗ ಅದನ್ನು ಹೊರದೇಶಕ್ಕೆ ಮಾರುವ ಭರದಲ್ಲಿ ಬೆಳೆಯುವ ಜಾಗದಲ್ಲೇ ಹವಳ ಕಾಣಸಿಗುವುದು ಅಪರೂಪವಾಗಿದೆ ಅಂತಲೂ ಬರೆಯುತ್ತಾನೆ. ಅದೇ ಕಾಲದಲ್ಲಿ ಒಬ್ಬ ಗ್ರೀಕ್ ನಾವಿಕ ಬರೆದ ಪೆರಿಪ್ಲಸ್‌ನಲ್ಲಿ ಭರೂಚ್, ಮುಜಿರಿಸ್ ಬಂದರುಗಳಿಗೆ ಇಳಿಯುವ ಸರಕಿನ ಪಟ್ಟಿಯಲ್ಲಿ ಹವಳವೂ ಇದೆ. ಹವಳಕ್ಕೆ ಮನುಷ್ಯನಿಂದಾದ ಹಾನಿಯ ಬಗ್ಗೆ ಸಿಗುವ ತೀರಾ ಹಳೆಯ ಮಾತುಗಳಲ್ಲಿ ಇದೂ ಒಂದು, ಮತ್ತು ಅದರಲ್ಲಿ ಬೆರಳು ತೋರಿಸಿರುವುದು ನಮ್ಮ ಕಡೆಗೇ! ನನಗಂತೂ ಇದನ್ನು ಓದಿದ ದಿನ ಅಮ್ಮನ ಎರಡು ಹವಳ ಕಣ್ಣ ಮುಂದೆ ಬಂದವು.

ಆಮೇಲೆ ಒಂದೂವರೆ ಸಾವಿರ ವರ್ಷ ಜಿಗಿದು ಭಟ್ಕಳಕ್ಕೆ ಬರೋಣ. ಆಗ ಭಟ್ಕಳ ವಿಜಯನಗರದ ಪಾಲಿಗೆ ಬಹಳ ಮುಖ್ಯವಾದ ಬಂದರು. ಕುದುರೆಗಳು ಇಳಿಯುತ್ತಿದ್ದ ಜಾಗ. ಪೋರ್ಚುಗೀಸರ ನೌಕರ ದುವಾರ್ತೆ ಬಾರ್ಬೋಸ 1516ರ ಸುಮಾರಿಗೆ ಬರೆದ ಪುಸ್ತಕದಲ್ಲಿ ಭಟ್ಕಳದ ಪೇಟೆಯ ವರ್ಣನೆ ಇದೆ. ಅಕ್ಕಿ, ಸಕ್ಕರೆ, ಕಬ್ಬಿಣ ಹೊರಗೆ ಹೋಗುತ್ತವೆ. ತಾಮ್ರ, ಪಾದರಸ, ಇಂಗಳೀಕ, ಹವಳ, ದಂತ ಒಳಗೆ ಬರುತ್ತವೆ. ಅಂದರೆ ಇಟಲಿ, ಆಫ್ರಿಕಾ ದಂಡೆಗಳಲ್ಲಿ ಕಿತ್ತ ಹವಳ ಭಟ್ಕಳದಲ್ಲಿ ಇಳಿದು ಘಟ್ಟ ಹತ್ತುತ್ತಿತ್ತು.

ವಿಜಯನಗರ ಮುಗಿದ ಮೇಲೂ ವ್ಯಾಪಾರ ನಿಲ್ಲಲಿಲ್ಲ, ಗೋವೆಗೆ ಸರಿಯಿತು. 18ನೇ ಶತಮಾನದಲ್ಲಿ ಇಟಲಿಯ ಲಿವೋರ್ನೋ ಊರಿನ ಯಹೂದಿ ವ್ಯಾಪಾರಿಗಳು ಲಿಸ್ಬನ್ ಮೂಲಕ ಗೋವೆಗೆ ಹವಳ ಕಳಿಸಿ ಬದಲಿಗೆ ವಜ್ರ ತರಿಸಿಕೊಳ್ಳುತ್ತಿದ್ದರು. ಎರ್ಗಾಸ್ ಮತ್ತು ಸಿಲ್ವೆರಾ ಅನ್ನುವುದು ಅಂಥ ಒಂದು ಅಂಗಡಿ. ಗೋವೆಯಲ್ಲಿ ಅವರ ಮಾಲು ಇಳಿಸಿಕೊಂಡು ವಜ್ರ ಕೊಂಡು ಕಳಿಸುತ್ತಿದ್ದವರು ಕಾಮತ್ ಮನೆತನದ ಸಾರಸ್ವತರು. ಪೋರ್ಚುಗೀಸ್ ಕಾಗದಪತ್ರಗಳಲ್ಲಿ ಕಾಮೋತಿಂ ಅಂತ ಬರುತ್ತದೆ. ಒಬ್ಬರ ಮುಖ ಒಬ್ಬರು ನೋಡಿಲ್ಲ, ಒಂದೇ ಜಾತಿಯಲ್ಲ, ಒಂದೇ ರಾಜನ ಕಾನೂನಿಲ್ಲ. ಒಂದು ಕಾಗದ ಹೋಗಿ ಉತ್ತರ ಬರಲು ವರ್ಷದ ಮೇಲೆ. ಆದರೂ ದಶಕಗಟ್ಟಲೆ ನಂಬಿಕೆಯ ಮೇಲೆ ನಡೆದ ವ್ಯಾಪಾರ. ಇದರ ಮೇಲೆ ಫ್ರಾನ್ಸೆಸ್ಕಾ ತ್ರಿವೆಲ್ಲಾತೋ ಎಂಬ ಇತಿಹಾಸಕಾರ್ತಿ 2009ರಲ್ಲಿ ಒಂದು ದಪ್ಪ ಪುಸ್ತಕವನ್ನೇ ಬರೆದಿದ್ದಾರೆ. ಸಿಕ್ಕರೆ ಬಿಡಬೇಡಿ.

ಕೀಳುವ ಪದ್ಧತಿ ಮಾತ್ರ ಬಹಳ ಒರಟು. ಎರಡು ದಪ್ಪ ಮರದ ತೊಲೆಗಳನ್ನು ಕೂಡಿಸುವ ಚಿಹ್ನೆಯ ಹಾಗೆ ಅಡ್ಡಡ್ಡ ಕಟ್ಟಿ, ನಡುವೆ ಕಲ್ಲು ಬಿಗಿದು, ತುದಿಗಳಿಗೆ ಹಳೆಯ ಬಲೆ ಜೋತುಬಿಟ್ಟು ಸಮುದ್ರದ ತಳದಲ್ಲಿ ಎಳೆಯುವುದು. ತೊಲೆ ಬಡಿದು ಹವಳ ಮುರಿಯುತ್ತದೆ, ಮುರಿದದ್ದರಲ್ಲಿ ಒಂದಿಷ್ಟು ಬಲೆಗೆ ಸಿಕ್ಕಿಕೊಳ್ಳುತ್ತದೆ. ಉಳಿದದ್ದು ಅಲ್ಲೇ ಬಿತ್ತು. ನಮ್ಮ ಕಡೆ ಹುಣಸೆಮರಕ್ಕೆ ಕಲ್ಲು ಬೀರಿ ಕಾಯಿ ಉದುರಿಸುತ್ತಾರಲ್ಲ, ಹಾಗೆ. ಆದರೆ ಹುಣಸೆ ಮರುವರ್ಷ ಬಿಡುತ್ತದೆ. ನೇಪಲ್ಸ್ ಪಕ್ಕದ ತೊರ್ರೆ ದೆಲ್ ಗ್ರೆಕೋ ಎಂಬ ಊರು ಇದರಿಂದಲೇ ಬದುಕಿತು, 19ನೇ ಶತಮಾನದಲ್ಲಿ ಅಲ್ಲಿಂದ ನೂರಾರು ದೋಣಿ ಹೊರಡುತ್ತಿದ್ದವು. ಯುರೋಪಿನ ಒಕ್ಕೂಟ ಈ ತೊಲೆಯ ಬಲೆಯನ್ನು ನಿಷೇಧಿಸಿದ್ದು 1994ರಲ್ಲಿ. ಪ್ಲಿನಿ ಬರೆದು 1900 ವರ್ಷ ಆದ ಮೇಲೆ!

ಈಗ ಮತ್ತೆ ಭಟ್ಕಳಕ್ಕೆ. ನನಗೆ ಬಹಳ ದಿನದಿಂದ ತಲೆ ತಿನ್ನುವ ವಿಷಯ ಇದು. ಹವಳದ ಗಂಟು ಹೊತ್ತು ಭಟ್ಕಳಕ್ಕೆ ಬರುತ್ತಿದ್ದ ಹಡಗುಗಳಿಗೆ, ದಂಡೆ ಮುಟ್ಟುವ ಸ್ವಲ್ಪ ಮುಂಚೆ, ಒಂದು ಗುಡ್ಡದಂಥ ನಡುಗಡ್ಡೆ ಕಾಣುತ್ತದೆ. ನೇತ್ರಾಣಿ. ಮುರ್ಡೇಶ್ವರದಿಂದ ಹತ್ತು ನಾಟಿಕಲ್ ಮೈಲು ದೂರ. ಅದರ ಸುತ್ತ ನೀರಿನಡಿ ಬದುಕಿರುವ ಹವಳ ಇದೆ. ಅದು ಮಾಲೆಗೆ ಬರುವ ಹವಳವಲ್ಲ, ಹಾಗಾಗಿ ಹಡಗಿನವರಿಗೆ ಅದು ಬೇಕಿರಲಿಲ್ಲ. ಬಚಾವಾಯಿತು ಅನ್ನಬೇಕು!

ಕರ್ನಾಟಕಕ್ಕೆ ಮುನ್ನೂರು ಕಿಲೋಮೀಟರಿನಷ್ಟು ಕರಾವಳಿ ಇದ್ದರೂ ಹವಳ ಯಾಕೆ ಅಪರೂಪ? ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನೇತ್ರಾವತಿ... ಮಳೆಗಾಲದಲ್ಲಿ ಘಟ್ಟದಿಂದ ಧುಮುಕುವ ಈ ನದಿಗಳು ದಂಡೆಯ ನೀರನ್ನು ಸಿಹಿ ಮಾಡುತ್ತವೆ, ಕೆಂಪು ಮಣ್ಣು ತಂದು ಕದಡುತ್ತವೆ. ಹವಳಕ್ಕೆ ಎರಡೂ ಆಗದು. ಮಣ್ಣು ಮೇಲೆ ಕೂತರೆ ಉಸಿರು ಕಟ್ಟುತ್ತದೆ, ಬಿಸಿಲು ಇಳಿಯದಿದ್ದರೆ ಒಳಗಿನ ಪಾಚಿಗೆ ಕೂಳಿಲ್ಲ. ನೇತ್ರಾಣಿ ದಂಡೆಯಿಂದ ದೂರ ನಿಂತದ್ದರಿಂದ ಅಲ್ಲಿಯ ನೀರು ತಿಳಿ.

ಇಂಗ್ಲಿಷರ ನಕಾಶೆಗಳಲ್ಲಿ ಇದರ ಹೆಸರು ಪಿಜನ್ ಐಲ್ಯಾಂಡ್, ಪಾರಿವಾಳದ ನಡುಗಡ್ಡೆ. ಗವಿಗಳಲ್ಲಿ ಬಾನಾಡಿ ಹಕ್ಕಿಗಳು ಎಂಜಲಿನಿಂದ ಗೂಡು ಕಟ್ಟುತ್ತವೆ (ಚೀನಾದವರು ಸೂಪು ಮಾಡಿ ಕುಡಿಯುವ ಗೂಡು). ಬಿಳಿಹೊಟ್ಟೆಯ ಕಡಲ ಗಿಡುಗಗಳೂ ಇವೆ. ಮೀನುಗಾರರು ಹರಕೆ ಹೊತ್ತು ಆಡುಗಳನ್ನು ತಂದು ಅಲ್ಲಿ ಬಿಟ್ಟು ಬರುವುದುಂಟು. ಹಿಂದೂಗಳೂ ಮುಸ್ಲಿಮರೂ ಇಬ್ಬರೂ ನಡೆದುಕೊಳ್ಳುವ ಜಾಗ.

ಇದೇ ನಡುಗಡ್ಡೆಯನ್ನು ನೌಕಾಪಡೆ ದಶಕಗಳ ಕಾಲ ಗುಂಡಿನ ಗುರಿ ಅಭ್ಯಾಸಕ್ಕೆ ಬಳಸುತ್ತಾ ಬಂದಿತ್ತು. ಜನ ಇಲ್ಲದ ಬಂಡೆ, ಯಾರಿಗೇನು ನಷ್ಟ ಅನ್ನುವ ಲೆಕ್ಕ. ಮುಳುಗಿ ನೋಡಿದವರಿಗೆ ನೀರಿನಡಿ ಶೆಲ್ಲಿನ ಚೂರುಗಳು, ಸಿಡಿಯದೇ ಉಳಿದ ಶೆಲ್ಲುಗಳೂ ಕಂಡಿವೆ. ಉತ್ತರ ಕನ್ನಡದ ಪರಿಸರದ ಜನ, ರಾಜ್ಯದ ಜೀವವೈವಿಧ್ಯ ಮಂಡಳಿ ಇದು ಬೇಡ, ಈ ನಡುಗಡ್ಡೆಯನ್ನು ಉಳಿಸಿಕೊಳ್ಳೋಣ ಅಂತ ದನಿ ಎತ್ತಿದ ಮೇಲೆಯೇ ನೇತ್ರಾಣಿ ಅನ್ನುವ ಹೆಸರು ಪತ್ರಿಕೆಗಳಲ್ಲಿ ಕಾಣಿಸಿಕೊಂಡದ್ದು. ದೇಶದ ರಕ್ಷಣೆ ಬೇಡ ಅಂತ ಯಾರೂ ಹೇಳುತ್ತಿಲ್ಲ. ಆದರೆ ಇಡೀ ಕರ್ನಾಟಕದಲ್ಲಿ ಹವಳಕ್ಕೆ ಹೆಸರಾದ ಜಾಗವನ್ನೇ ಗುರಿಹಲಗೆ ಮಾಡಿಕೊಳ್ಳಬೇಕಿತ್ತೇ? ಈ ಪ್ರಶ್ನೆಗೆ ನನಗೆ ಸಮಾಧಾನದ ಉತ್ತರ ಸಿಕ್ಕಿಲ್ಲ.

ಜನ ಇಲ್ಲ ಅನ್ನುವ ಲೆಕ್ಕ ನಮ್ಮೊಬ್ಬರದೇ ಅಲ್ಲ. ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಜನ ಇದ್ದರು. ಅವರನ್ನು ಎಬ್ಬಿಸಿ ಕಳಿಸಿ ಅಮೆರಿಕದವರು 1946ರಿಂದ 1958ರವರೆಗೆ 23 ಅಣುಬಾಂಬು ಸಿಡಿಸಿದರು. 1954ರ ಮಾರ್ಚ್ 1ರಂದು ಸಿಡಿದದ್ದು 15 ಮೆಗಾಟನ್ನಿನದು. ಹವಳದ ದಿಬ್ಬದಲ್ಲಿ ಸುಮಾರು ಎರಡು ಕಿಲೋಮೀಟರು ಅಗಲದ ಗುಂಡಿ ಬಿತ್ತು. ಐವತ್ತು ವರ್ಷದ ಮೇಲೆ ವಿಜ್ಞಾನಿಗಳು ಹೋಗಿ ಮುಳುಗಿ ನೋಡಿದರೆ ಹವಳ ಮತ್ತೆ ಬೆಳೆದಿತ್ತು, ಮರದ ಹಾಗೆ ದಪ್ಪ ಕೊಂಬೆಗಳೂ ಇದ್ದವು. ಹಿಂದೆ ಅಲ್ಲಿದ್ದ 28 ಜಾತಿಗಳು ಮಾತ್ರ ಕಾಣಲಿಲ್ಲ. ಹವಳ ಅಷ್ಟು ಗಟ್ಟಿ ಜೀವ, ಬಾಂಬು ಬಿದ್ದರೂ ಐವತ್ತು ವರ್ಷ ಸುಮ್ಮನೆ ಬಿಟ್ಟರೆ ಚೇತರಿಸಿಕೊಳ್ಳುತ್ತದೆ. ಈ ಮಾತು ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ನೇತ್ರಾಣಿಗೆ ಈಗ ಮುರ್ಡೇಶ್ವರದಿಂದ ಸ್ಕೂಬಾ ಡೈವಿಂಗಿಗೆ ಜನ ಹೋಗುತ್ತಾರೆ. 2022ರಲ್ಲಿ ಬಂದ ಪುನೀತ್ ರಾಜಕುಮಾರ್ ಅವರ "ಗಂಧದ ಗುಡಿ"ಯಲ್ಲಿ ಅವರು ಅಲ್ಲಿ ನೀರಿಗಿಳಿದದ್ದನ್ನು ನೋಡಿದ್ದೀರಿ. ನಮ್ಮೂರ ಹುಡುಗರಿಗೆ ನೇತ್ರಾಣಿ ಗೊತ್ತಾದದ್ದು ಅದರಿಂದಲೇ. ದೋಣಿಯ ಲಂಗರು ಹವಳದ ಮೇಲೆ ಬಿದ್ದರೆ, ಹೊಸಬರ ಕಾಲು ತಾಕಿದರೆ ಮುರಿಯುತ್ತದೆ ನಿಜ. ಆದರೂ ನೋಡಿ ಬಂದವರು ಹತ್ತು ಜನರ ಹತ್ತಿರ ಹೇಳುತ್ತಾರಲ್ಲ, ಶೆಲ್ಲಿಗಿಂತ ಅದು ಎಷ್ಟೋ ವಾಸಿ ಅಂತ ನನ್ನ ಅನಿಸಿಕೆ.

ಇನ್ನು ಕನ್ನಡಿಗರು ಮರೆತೇಬಿಟ್ಟಿರುವ ಒಂದು ವಿಷಯ. ಅಪ್ಪಟ ಹವಳದ ದ್ವೀಪಗಳು ಒಂದು ಕಾಲಕ್ಕೆ ಮಂಗಳೂರಿನ ಕಲೆಕ್ಟರ ಕೈಯಲ್ಲಿದ್ದವು! ಲಕ್ಷದ್ವೀಪದ ಉತ್ತರದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ... ಇವಕ್ಕೆ ಅಮಿನಿದಿವಿ ಅಂತ ಹೆಸರು. ಇವು ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆಯಲ್ಲಿದ್ದವು. ಅವರ ಕಿರುಕುಳ ತಡೆಯದೆ 1787ರಲ್ಲಿ ದ್ವೀಪದ ಜನ ಟೀಪುವಿನ ಮೊರೆಹೋದರು. ಟೀಪು ಅವನ್ನು ತನ್ನ ರಾಜ್ಯಕ್ಕೆ ಸೇರಿಸಿಕೊಂಡ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿ ಸರಕಾರ ಇವನ್ನು ಕೆನರಾ ಜಿಲ್ಲೆಗೆ ಸೇರಿಸಿತು, ಜಿಲ್ಲೆ ಎರಡಾದ ಮೇಲೆ ದಕ್ಷಿಣ ಕನ್ನಡದಲ್ಲಿ ಉಳಿದವು. ದ್ವೀಪದಲ್ಲಿ ಸರಕಾರದ ಪರವಾಗಿ ಒಬ್ಬ ಮೊನೆಗಾರ ಇರುತ್ತಿದ್ದ.

ಸರಕಾರಕ್ಕೆ ಅಲ್ಲಿ ಬೇಕಾದದ್ದು ಒಂದೇ, ತೆಂಗಿನ ನಾರಿನ ಹಗ್ಗ. ನಾರನ್ನು ಬೇರೆಯವರಿಗೆ ಮಾರುವಂತಿಲ್ಲ, ಸರಕಾರ ಕೊಂಡುಕೊಂಡು ಬದಲಿಗೆ ಅಕ್ಕಿ ಕೊಡುತ್ತದೆ. ದ್ವೀಪದಲ್ಲಿ ಭತ್ತ ಬೆಳೆಯದು, ಹಾಗಾಗಿ ದರ ಎಷ್ಟೇ ಇಟ್ಟರೂ ಒಪ್ಪಲೇಬೇಕು. ಹೆಂಗಸರು ತೆಂಗಿನ ಸಿಪ್ಪೆಯನ್ನು ದಂಡೆಯ ಒಳಗಿನ ಆಳವಿಲ್ಲದ ನೀರಿನ ಮರಳಿನಲ್ಲಿ ತಿಂಗಳುಗಟ್ಟಲೆ ಹೂತಿಟ್ಟು, ಕೊಳೆಸಿ, ಬಡಿದು, ಹೊಸೆದು ಹಗ್ಗ ಮಾಡುತ್ತಿದ್ದರು. ಆ ನೀರು ಶಾಂತವಾಗಿರುವುದು ಸುತ್ತಲಿನ ಹವಳದ ದಿಬ್ಬದಿಂದ. ದಿಬ್ಬ ಅಲೆಯನ್ನು ತಡೆಯದಿದ್ದರೆ ಹಗ್ಗವೂ ಇಲ್ಲ, ತೆಂಗೂ ಇಲ್ಲ, ಊರೂ ಇಲ್ಲ. ಹವಳದ ಕಲ್ಲು ಕಡಿದು ಮನೆ, ಮಸೀದಿ ಕಟ್ಟಿಕೊಂಡರು. ಹವಳ ಸುಟ್ಟು ಸುಣ್ಣ ಮಾಡಿಕೊಂಡರು. ಕೆಲವೇ ಸಾವಿರ ಜನ, ಕೈಯಲ್ಲಿ ಮಾಡುವ ಕೆಲಸ, ದಿಬ್ಬ ತಾಳಿಕೊಂಡಿತು.

1956ರ ನವೆಂಬರ್ 1. ನಮಗೆಲ್ಲ ರಾಜ್ಯೋತ್ಸವ. ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಯಲ್ಲಿದ್ದ ರೋಣ ತಾಲೂಕು, ನಮ್ಮ ಅಬ್ಬಿಗೇರಿಯೂ ಸೇರಿ, ಆವತ್ತು ಮೈಸೂರು ರಾಜ್ಯದೊಳಗೆ ಬಂತು. ಅದೇ ದಿನ ಅಮಿನಿದಿವಿ ದ್ವೀಪಗಳು ದಕ್ಷಿಣ ಕನ್ನಡದಿಂದ ಹೊರಗೆ ಹೋಗಿ ಕೇಂದ್ರಾಡಳಿತ ಪ್ರದೇಶವಾದವು. ನಾವು ಒಳಗೆ ಬಂದ ದಿನವೇ ಅವರು ಹೊರಗೆ. ಭಾಷೆಯ ಲೆಕ್ಕದಲ್ಲಿ ಸರಿಯೇ, ಅವರ ಮಾತು ಮಲಯಾಳಕ್ಕೆ ಹತ್ತಿರದ್ದು. ಆದರೆ ಹಗ್ಗಕ್ಕೂ ಅಕ್ಕಿಗೂ ಮಂಗಳೂರಿನ ಬಂದರನ್ನೇ ನೆಚ್ಚಿಕೊಂಡಿದ್ದ ಊರುಗಳು ನಮ್ಮ ಶಾಲೆಯ ಇತಿಹಾಸದ ಪುಸ್ತಕದಲ್ಲಿ ಒಂದು ಸಾಲಿನಷ್ಟೂ ಇರಲಿಲ್ಲ.

ಅಂದ ಹಾಗೆ ಈ ದ್ವೀಪಗಳಿಗೂ ಬಯಲುಸೀಮೆಗೂ ಇನ್ನೂ ಹಳೆಯ ನಂಟಿದೆ. ವಿಜಾಪುರ, ಬೆಳಗಾವಿ ಕಡೆ ಹಾಸಿರುವ ಕರಿಕಲ್ಲು ಇದೆಯಲ್ಲ, ಅದು ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ ಭೂಮಿ ಬಿರಿದು ಉಕ್ಕಿದ ಲಾವಾ. ಭೂಮಿಯ ಆಳದ ಅದೇ ಬಿಸಿ ಒಲೆಯ ಮೇಲೆ ಭಾರತದ ನೆಲ ಉತ್ತರಕ್ಕೆ ಸರಿಯುತ್ತ ಹೋದಂತೆ ಹಿಂದೆ ಸಾಲಾಗಿ ಎದ್ದ ಬೆಟ್ಟಗಳ ಮೇಲೆ ಲಕ್ಷದ್ವೀಪ, ಮಾಲ್ದೀವ್ಸ್ ಕೂತಿವೆ ಅನ್ನುತ್ತಾರೆ ಭೂವಿಜ್ಞಾನಿಗಳು. ಬೆಟ್ಟ ಮೆಲ್ಲಗೆ ಕುಸಿಯುತ್ತದೆ, ಹವಳ ಬಿಸಿಲು ಹುಡುಕಿಕೊಂಡು ಮೇಲೆ ಮೇಲೆ ಕಟ್ಟುತ್ತದೆ. ಕೊನೆಗೆ ಬೆಟ್ಟ ಮುಳುಗಿ ಹವಳದ ಬಳೆ ಮಾತ್ರ ಉಳಿಯುತ್ತದೆ. ಬಳೆ ಹೀಗೇ ಆಗುತ್ತದೆ ಅಂತ ಮೊದಲು ಊಹಿಸಿದ್ದು ಡಾರ್ವಿನ್, 1842ರ ಪುಸ್ತಕದಲ್ಲಿ. ಜೀವವಿಕಾಸದ ಪುಸ್ತಕಕ್ಕಿಂತ 17 ವರ್ಷ ಮುಂಚೆ.

ಕೈಯಲ್ಲಿ ಕಡಿದರೆ ತಾಳಿಕೊಳ್ಳುತ್ತದೆ ಅಂದೆ. ಕಾರ್ಖಾನೆಗೆ ಕಡಿದರೆ? ತಮಿಳುನಾಡಿನ ಮಂಡಪಂ, ತೂತುಕುಡಿ ಕಡೆ ಸುಣ್ಣಕ್ಕೆ, ಕಟ್ಟಡಕ್ಕೆ ಹವಳವನ್ನು ದೋಣಿಗಟ್ಟಲೆ ಕಿತ್ತರು. ಮನ್ನಾರ್ ಕೊಲ್ಲಿಯ 21 ದ್ವೀಪಗಳಲ್ಲಿ ಎರಡು, ಪೂವರಸನ್‌ಪಟ್ಟಿ ಮತ್ತು ವಿಲಾಂಗುಚಲ್ಲಿ, ಮುಳುಗಿಯೇ ಹೋದವು. ಸುತ್ತಲಿನ ಹವಳ ಕಿತ್ತದ್ದು ಇದಕ್ಕೆ ಮುಖ್ಯ ಕಾರಣ ಅಂತಾರೆ. ಗುಜರಾತಿನ ಕಚ್ಛ್ ಕೊಲ್ಲಿಯಲ್ಲಿ ಸಿಮೆಂಟಿಗಾಗಿ ಹವಳದ ಮರಳನ್ನೇ ತೋಡಿದರು. ನಮ್ಮ ಬಾಗಲಕೋಟೆಯ ಸಿಮೆಂಟಿಗೆ ನೂರು ಕೋಟಿ ವರ್ಷಕ್ಕೂ ಹಳೆಯದಾದ ಸುಣ್ಣಕಲ್ಲು ನೆಲದಲ್ಲೇ ಸಿಕ್ಕಿತು (ಅದೂ ಹಿಂದೊಮ್ಮೆ ಸಮುದ್ರದ ತಳವೇ, ಹವಳ ಹುಟ್ಟುವ ಮುಂಚಿನ ಸಮುದ್ರ). ಸಿಗದಿದ್ದವರು ಬದುಕಿರುವ ದಿಬ್ಬಕ್ಕೆ ಕೈ ಹಾಕಿದರು. 2001ರಲ್ಲಿ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಗೆ ಹವಳವನ್ನು ಸೇರಿಸಿದರು. ಈಗ ಕಾನೂನಿನ ಕಣ್ಣಲ್ಲಿ ನಮ್ಮ ದೇಶದ ದಿಬ್ಬ ಕಟ್ಟುವ ಹವಳವೂ ಹುಲಿಯೂ ಒಂದೇ.

ಆದರೆ ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. 1998ರ ಬೇಸಿಗೆ. ಪೆಸಿಫಿಕ್ಕಿನಲ್ಲಿ ಎದ್ದ ಎಲ್ ನಿನೋ ಬಿಸಿ ಹಿಂದೂ ಮಹಾಸಾಗರಕ್ಕೂ ಬಂತು. ಹವಳಕ್ಕೆ ರೂಢಿಯ ಬೇಸಿಗೆಗಿಂತ ಒಂದೇ ಒಂದು ಡಿಗ್ರಿ ಹೆಚ್ಚು ಬಿಸಿ, ನಾಲ್ಕಾರು ವಾರ ಬಿಡದೆ ಇದ್ದರೆ ಸಾಕು. ಒಳಗಿನ ಪಾಚಿಯನ್ನು ತಾನೇ ಹೊರಗೆ ಹಾಕಿಬಿಡುತ್ತದೆ. ಬಣ್ಣವೆಲ್ಲ ಪಾಚಿಯದು, ಹಾಗಾಗಿ ಹವಳ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಸತ್ತಿಲ್ಲ ಇನ್ನೂ, ಉಪವಾಸ ಬಿದ್ದಿದೆ. ನೀರು ಬೇಗ ತಣ್ಣಗಾದರೆ ಪಾಚಿ ವಾಪಸು ಬರುತ್ತದೆ, ಇಲ್ಲದಿದ್ದರೆ ಸಾವು. ಆ ಒಂದು ಸಲ ಜಗತ್ತಿನ ಹವಳದಲ್ಲಿ ಶೇಕಡಾ 16ರಷ್ಟು ಸತ್ತಿತು ಅಂತ ಅಂದಾಜು. ಲಕ್ಷದ್ವೀಪಕ್ಕೆ ಬಲವಾದ ಪೆಟ್ಟು ಬಿತ್ತು.

ಅಲ್ಲಿ ಏನಾಯಿತು ಅಂತ ಲೆಕ್ಕ ಇಟ್ಟವರು ಮೈಸೂರಿನವರು, ಇದು ನನಗೆ ಹೆಮ್ಮೆಯ ವಿಷಯ. 1996ರಲ್ಲಿ ಮೈಸೂರಿನಲ್ಲಿ ಶುರುವಾದ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ರೋಹನ್ ಆರ್ಥರ್ ಮತ್ತು ಜೊತೆಯವರು 1998ರಿಂದ ಅಲ್ಲಿ ಮುಳುಗಿ ಮುಳುಗಿ ಅದೇ ದಿಬ್ಬಗಳನ್ನು ಅಳೆಯುತ್ತಾ ಬಂದಿದ್ದಾರೆ. ಅಗತ್ತಿ, ಕಡಮತ್, ಕವರತ್ತಿ ಈ ಮೂರು ಕಡೆಯ 24 ವರ್ಷದ ಲೆಕ್ಕ. ಶುರುವಿಗೆ ದಿಬ್ಬದ ಶೇಕಡಾ 37ರಷ್ಟು ಭಾಗ ಜೀವಂತ ಹವಳ ಇತ್ತು, 2022ರ ಹೊತ್ತಿಗೆ 19ರ ಆಸುಪಾಸು. ಅರ್ಧ ಹೋಯಿತು. ಗಮನಿಸಬೇಕಾದ್ದು ಇನ್ನೊಂದಿದೆ. 1998ರ ನಂತರ ಹವಳ ಚೇತರಿಸಿಕೊಳ್ಳುತ್ತಿತ್ತು. 2010ರಲ್ಲಿ ಮತ್ತೆ ಬಿಸಿ. ಅದರಿಂದ ಏಳುವಷ್ಟರಲ್ಲಿ 2016. ಪ್ರತಿ ಸಲ ಸಾಯುವ ಪ್ರಮಾಣ ಸ್ವಲ್ಪ ಕಡಿಮೆಯೇ, ಯಾಕಂದರೆ ನಾಜೂಕಿನ ಜಾತಿಗಳು ಮೊದಲೇ ಹೋಗಿವೆ. ಆದರೆ ಚೇತರಿಕೆ ಬಹಳ ನಿಧಾನವಾಗಿದೆ. ಎರಡು ಬಿಸಿಯ ನಡುವೆ ಆರು ವರ್ಷ ಬಿಡುವು ಸಿಕ್ಕರೆ ಮಾತ್ರ ಹವಳ ಸರಿಯಾಗಿ ಏಳಬಲ್ಲದು ಅನ್ನುತ್ತಾರೆ ಅವರು. ಬಾಂಬು ಬಿದ್ದ ಬಿಕಿನಿಗೆ ಐವತ್ತು ವರ್ಷ ಬಿಡುವಿತ್ತು ಅಂದೆನಲ್ಲ. ಈಗ ಆರು ವರ್ಷ ಸಿಗುವುದೂ ಕಷ್ಟ.

ಅಲ್ಲಿಯ ದಿಬ್ಬ ಇಷ್ಟಾದರೂ ಉಳಿದಿರುವುದಕ್ಕೆ ಸೂರೆ ಮೀನು ಒಂದು ಕಾರಣ. ಮಿನಿಕಾಯ್ ದ್ವೀಪದವರು ಗಾಳದ ಕೋಲಿನಿಂದ ಒಂದೊಂದೇ ಸೂರೆ ಎತ್ತುವ ಪದ್ಧತಿಯನ್ನು 1960ರ ದಶಕದಿಂದ ಮೀನುಗಾರಿಕೆ ಇಲಾಖೆ ಉಳಿದ ದ್ವೀಪಗಳಿಗೂ ಕಲಿಸಿತು. ಜನ ತೆರೆದ ಸಮುದ್ರದ ಸೂರೆಗೆ ಹೋದರು, ದಿಬ್ಬದ ಗಿಳಿಮೀನುಗಳ ತಂಟೆಗೆ ಹೋಗಲಿಲ್ಲ. ಗಿಳಿಮೀನು ಸತ್ತ ಹವಳದ ಮೇಲಿನ ಕಳೆಯನ್ನು ಮೇದು ಹೊಸ ಹವಳಕ್ಕೆ ಜಾಗ ಮಾಡಿಕೊಡುತ್ತದೆ, ನಮ್ಮ ಹೊಲದಲ್ಲಿ ಕುಂಟೆ ಹೊಡೆದ ಹಾಗೆ. ಈಚಿನ ವರ್ಷಗಳಲ್ಲಿ ದಿಬ್ಬದ ಮೀನಿಗೂ ಹೊರಗಿನಿಂದ ಬೇಡಿಕೆ ಬಂದು ಕುಂಟೆಯವರೇ ಕಡಿಮೆಯಾಗುತ್ತಿದ್ದಾರೆ.

ಬಿಸಿ ಯಾಕೆ ಬಂತು ಅಂತ ನಿಮಗೆ ಗೊತ್ತು. ಕಲ್ಲಿದ್ದಲು, ಎಣ್ಣೆ ಸುಟ್ಟ ಹೊಗೆ. ನಮ್ಮೂರಿಗೆ ಬರುವ ಕರೆಂಟಿನಲ್ಲೂ ರಾಯಚೂರಿನ ಶಕ್ತಿನಗರದ ಪಾಲಿದೆ, 1985ರಿಂದ ಅಲ್ಲಿ ಕಲ್ಲಿದ್ದಲು ಉರಿಯುತ್ತಿದೆ. ಈಗ ಕೂಡಗಿಯ 2400 ಮೆಗಾವಾಟೂ ಸೇರಿಕೊಂಡಿದೆ. ಗಜೇಂದ್ರಗಡದ ಗುಡ್ಡದ ಮೇಲೆ, ನಮ್ಮ ಸುತ್ತಲಿನ ಹೊಲಗಳಲ್ಲಿ ಗಾಳಿ ಗಿರಣಿಗಳೂ ಎದ್ದಿವೆ ಅನ್ನಿ. ಎಲ್ಲ ತಪ್ಪೂ ನಮ್ಮದೇ ಅಂತ ಎದೆ ಬಡಿದುಕೊಳ್ಳುವವನಲ್ಲ ನಾನು. ಇನ್ನೂರು ವರ್ಷದಿಂದ ಹೊಗೆ ಬಿಟ್ಟು ಶ್ರೀಮಂತರಾದ ದೇಶಗಳ ಲೆಕ್ಕ ಬೇರೆ, ರಾತ್ರಿ ಮೂರು ಗಂಟೆಗೆ ಎದ್ದು ಪಂಪಸೆಟ್ಟು ಚಾಲೂ ಮಾಡುವ ನಮ್ಮ ರೈತನ ಲೆಕ್ಕ ಬೇರೆ. ಆದರೆ ಪ್ಲಿನಿಯ ಕಾಲದಲ್ಲಿ ಹವಳ ಬಯಸಿದವನ ಕೈಗೆ ಹವಳವಾದರೂ ಬರುತ್ತಿತ್ತು. ಮನ್ನಾರಿನಲ್ಲಿ ಕಿತ್ತವನಿಗೆ ಸುಣ್ಣವಾದರೂ ಸಿಕ್ಕಿತು. ಈಗ ಸಾಯಿಸುವವನಿಗೆ ತಾನು ಸಾಯಿಸುತ್ತಿದ್ದೇನೆ ಅಂತ ಗೊತ್ತೂ ಆಗುವುದಿಲ್ಲ, ಅವನ ಕೈಗೆ ಒಂದು ಮಣಿಯೂ ಬರುವುದಿಲ್ಲ.

ಆ ಬಿಸಿ ನಮ್ಮನ್ನೂ ಬಿಟ್ಟಿಲ್ಲ. 2015ರಲ್ಲಿ ಎಲ್ ನಿನೋ ಎದ್ದಾಗ ನಮ್ಮ ಕಡೆ ಮುಂಗಾರು ಕೈಕೊಟ್ಟಿತು. ಆ ಜುಲೈಯಲ್ಲೇ ಪಕ್ಕದ ನರಗುಂದದಲ್ಲಿ ಮಹದಾಯಿ ನೀರಿಗಾಗಿ ರೈತರು ಧರಣಿ ಕೂತದ್ದು, ವರ್ಷಗಟ್ಟಲೆ ಎದ್ದೇಳಲಿಲ್ಲ. ಮುಂದಿನ ಬೇಸಿಗೆ, 2016ರಲ್ಲಿ, ಲಕ್ಷದ್ವೀಪದ ಹವಳ ಬಿಳಿಚಿತು. 2023ರಲ್ಲಿ ಮತ್ತೆ ಎಲ್ ನಿನೋ, ರಾಜ್ಯದ ಬಹುತೇಕ ತಾಲೂಕುಗಳಲ್ಲಿ ಬರ. 2024ರ ಬೇಸಿಗೆಯಲ್ಲಿ ಲಕ್ಷದ್ವೀಪದಲ್ಲಿ ಹವಳ ಮತ್ತೆ ಬಿಳಿ. ನಮ್ಮ ಹೊಲ ಒಣಗಿದ ಮರು ಬೇಸಿಗೆಗೆ ಅವರ ದಿಬ್ಬ ಬೆಳ್ಳಗಾಗುತ್ತದೆ. ಸಮುದ್ರವನ್ನೇ ನೋಡದ ನಮ್ಮ ಹಿರಿಯರಿಗೆ ಇದನ್ನು ಹೇಗೆ ವಿವರಿಸುತ್ತಿದ್ದೆನೋ.

2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಇದು ಇಡೀ ಜಗತ್ತಿಗೆ ಬಡಿದ ನಾಲ್ಕನೇ ಬಿಸಿ ಅಂತ ಘೋಷಿಸಿದರು. 2025ರ ಹೊತ್ತಿಗೆ ಜಗತ್ತಿನ ಹವಳದ ದಿಬ್ಬಗಳಲ್ಲಿ ಶೇಕಡಾ 84ಕ್ಕೆ ಅದರ ಝಳ ತಟ್ಟಿತ್ತು. ಭೂಮಿ ಒಂದೂವರೆ ಡಿಗ್ರಿ ಬಿಸಿಯಾದರೆ ದಿಬ್ಬ ಕಟ್ಟುವ ಹವಳದಲ್ಲಿ ಶೇಕಡಾ 70ರಿಂದ 90 ಹೋಗುತ್ತದೆ, ಎರಡು ಡಿಗ್ರಿಯಾದರೆ 99ಕ್ಕೂ ಹೆಚ್ಚು ಅಂತ 2018ರಲ್ಲೇ ಜಾಗತಿಕ ಹವಾಮಾನ ಸಮಿತಿ ಬರೆದಿತ್ತು.

ದಿಬ್ಬ ಸತ್ತರೆ ಅಲೆ ತಡೆಯುವವರಿಲ್ಲ, ಮರಳು ತುಂಬುವವರಿಲ್ಲ. ಲಕ್ಷದ್ವೀಪದ ಬಂಗಾರಂ ಬಳೆಯಲ್ಲಿ ಪರಳಿ ಅಂತ ಒಂದು ಜನವಸತಿ ಇಲ್ಲದ ಪುಟ್ಟ ತುಣುಕು ಇತ್ತು. 1968ರ ನಕಾಶೆಯಲ್ಲಿ ಇದೆ. 2017ರಲ್ಲಿ ಅಳೆಯಲು ಕೂತಾಗ ಪೂರ್ತಿ ಕೊಚ್ಚಿಹೋಗಿತ್ತು. ಅಮಿನಿ, ಕಡಮತ್, ಕಿಲ್ತಾನ್ ಇನ್ನೂ ಇವೆ, ಜನ ಇದ್ದಾರೆ.

ನೀವು ಮಂಗಳೂರಿನ ಬಂದರು, ಮಲ್ಪೆ, ಉಳ್ಳಾಲದ ಕಡೆಯವರಾಗಿದ್ದರೆ ಒಂದು ಕೋರಿಕೆ. ಅಮಿನಿಯಿಂದ ಹಗ್ಗ ಹೊತ್ತು ಬಂದು ಅಕ್ಕಿ ತುಂಬಿಕೊಂಡು ಹೋಗುತ್ತಿದ್ದ ಮಂಜಿಗಳನ್ನು ಕಂಡ ಹಿರಿಯರು ನಿಮ್ಮ ಮನೆಯಲ್ಲೋ ಕೇರಿಯಲ್ಲೋ ಇದ್ದರೆ ದಯವಿಟ್ಟು ಕೇಳಿ ಬರೆದಿಡಿ. ಹಗ್ಗದ ಸಿವುಡನ್ನು ಎಲ್ಲಿ ಇಳಿಸುತ್ತಿದ್ದರು, ಅಕ್ಕಿಯ ದರ ಹೇಗೆ ಕಟ್ಟುತ್ತಿದ್ದರು, ಮಳೆಗಾಲದ ನಾಲ್ಕು ತಿಂಗಳು ದೋಣಿಯವರು ಎಲ್ಲಿ ಉಳಿಯುತ್ತಿದ್ದರು... 1956ಕ್ಕೆ ಇಪ್ಪತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತು ಸಮೀಪಿಸಿದೆ. ಬೇಗ ಕೇಳಿ.